ವಿಭೂತಿ ಹಚ್ಚಿದ ಬೂಟು

ಮಾನವ ನಾಗರಿಕತೆ ಇತ್ಯರ್ಥ ಮಾಡದೆ ಬಿಟ್ಟಿರುವ ಘನವಾದ ಪ್ರಶ್ನೆಗಳಲ್ಲಿ ಇದೂ ಒಂದು: ಪೂಜೆ ಮಾಡಿದ ಮಾಳಿಗೆಯ ಮೇಲೆ ಬೂಟು ಹಾಕಿಕೊಂಡು ನಡೆಯಬಹುದೇ? ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಏಳುತ್ತಿದ್ದ ಕಲ್ಯಾಣ ಮಂಟಪಕ್ಕೆ ಸ್ಲ್ಯಾಬ್ ಹಾಕುವ ದಿನ, ಬೆಳಿಗ್ಗೆ ಒಂಬತ್ತೂವರೆಗೆ, ಈ ಪ್ರಶ್ನೆ ಬಂದು ಈಶ್ವರನ ತಲೆಯ ಮೇಲೆ ಕೂತಿತು.

ಈಶ್ವರ ಅಲ್ಲಿನ ಸೇಫ್ಟಿ ಸೂಪರ್‌ವೈಸರ್. ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಆರು ತಿಂಗಳ ತಾತ್ಕಾಲಿಕ ನೌಕರಿ. ಹನ್ನೊಂದಕ್ಕೆ ಕಂಪನಿಯ ತಪಾಸಣಾ ಅಧಿಕಾರಿ ಗಂಗೋತ್ರಿ ಮೇಡಂ ಬರುವವರಿದ್ದರು. ಅವರು ಮೆಚ್ಚಿದರೆ ನೌಕರಿ ಖಾಯಂ. ಇಲ್ಲದಿದ್ದರೆ ಪಾಪಿನಾಯಕನಹಳ್ಳಿಗೆ ವಾಪಸು, ಮಾವನ ಎಮ್ಮೆಗಳ ಸುರಕ್ಷತೆ ನೋಡಿಕೊಳ್ಳಲು.

"ಹಸಿ ಕಾಂಕ್ರೀಟು ಚರ್ಮ ಸುಡತೈತಿ. ಎಲ್ಲಾರೂ ಬೂಟು ಹಾಕ್ಕೊಳ್ರಿ!" ಎಂದು ಈಶ್ವರ ಮೂವತ್ತು ಜೊತೆ ರಬ್ಬರ್ ಬೂಟು ಸಾಲಾಗಿ ಇಟ್ಟ.

ಮಾಲಕ ಕೊಟ್ರಯ್ಯ ಆಗಷ್ಟೇ ಕಂಬಿಗಳಿಗೆ ಹೂವೇರಿಸಿ ಕಾಯಿ ಒಡೆದಿದ್ದರು. "ತಮ್ಮಾ, ಪೂಜಿ ಆದ ಜಾಗ ಅದು. ಬೂಟುಗಾಲು ಇಟ್ರ, ನಾಳಿ ಇಲ್ಲಿ ಮದುವಿ ಆದ ಒಂದು ಜೋಡೀನೂ ಉಳಿಯಂಗಿಲ್ಲ."

ಕೂಲಿಯವರ ಮುಂದಾಳು ದ್ಯಾಮಕ್ಕ ಬಾಂಡ್ಲಿಯನ್ನು ಸೊಂಟಕ್ಕೆ ಆನಿಸಿಕೊಂಡಳು. "ಸುಡತೈತಿ ಅಂತ ನನ್ನ ಕಾಲಿಗೆ ಇಪ್ಪತ್ತು ವರ್ಷದಿಂದ ಗೊತ್ತೈತ್ರಿ ಸರ. ನೀವು ಯಾವಾಗ ಕಲ್ತ್ರಿ?"

"ಯುಗಾದಿ ಮುಂದ," ಎಂದು ಈಶ್ವರ ಒಪ್ಪಿಕೊಂಡ.

ಸೋತವನಿಗೆ ಆಯುಧಪೂಜೆ ನೆನಪಾಯಿತು. ಲಾರಿಗೆ, ತಕ್ಕಡಿಗೆ, ನಟ್ಟು ತಿರುಗಿಸುವ ಪಾನಾಕ್ಕೆ ಪೂಜೆಯಿದೆ, ಬೂಟೂ ಆಯುಧವೇ! ಪೂಜೆಯಾದ ಬೂಟು ಪೂಜೆಯಾದ ಮಾಳಿಗೆಯ ಮೇಲೆ ನಡೆದರೆ ಮೈಲಿಗೆಯೆಲ್ಲಿ? ಅರವತ್ತು ಬೂಟುಗಳ ಮೂತಿಗೂ ವಿಭೂತಿ ಎಳೆದು, ಚೆಂಡುಹೂ ಸಿಕ್ಕಿಸಿ, ಊದುಬತ್ತಿ ಬೆಳಗಿದ. ಬೂಟುಗಳು ಭಜನಾ ಮಂಡಳಿಯಂತೆ ಗಂಭೀರವಾಗಿ ಕೂತವು. ಕೊಟ್ರಯ್ಯನವರೂ ಕೈಮುಗಿದರು. "ಇನ್ನ ನಂದೇನೂ ತಕರಾರಿಲ್ಲಪ್ಪ."

"ಹಂಗಾರ ಹಾಕ್ಕೊಳ್ರಿ ಜಲ್ದಿ!"

ಯಾರೂ ಕದಲಲಿಲ್ಲ. ದ್ಯಾಮಕ್ಕ ಕೆನ್ನೆ ಬಡಿದುಕೊಂಡಳು. "ವಿಭೂತಿ ಹಚ್ಚಿದ್ದರಾಗ ಕಾಲು ತುರುಕೋದೇನ್ರಿ?"

"ಪೂಜಿ ಮಾಡಿದ ಲಾರ್ಯಾಗ ಕುಂದ್ರಂಗಿಲ್ಲೇನು?"

"ಕುಂದ್ರತೀವ್ರಿ. ಲಾರಿ ಮೂತಿಗೆ ಒದಿಯಂಗಿಲ್ಲ."

ಈಶ್ವರ ಗಡಿಯಾರ ನೋಡಿಕೊಂಡ.

ಹತ್ತೂವರೆ. ಮಿಕ್ಸರಿನಲ್ಲಿ ಕಾಂಕ್ರೀಟು ತಿರುಗುತ್ತಿತ್ತು. ಕೊನೆಗೆ ದ್ಯಾಮಕ್ಕನಿಗೇ ಕರುಣೆ ಬಂತು.

"ಒಂದು ದಾರಿ ಐತ್ರಿ. ಪೂಜಿ ಮಾಡಿದವ್ರು ನಮ್ಮ ದೋಷ ತಮ್ಮ ಮ್ಯಾಲ ತಗೊಂಡು, ಹೊತ್ತು ಮುಳುಗೋತನ ಬರಿಗಾಲಾಗ ಇದ್ರ, ನಾವು ಹಾಕ್ಕೊಬೋದು."

"ಹಂಗಾರ ನಾ ಕೆಳಗ ನೆಳ್ಳಾಗ ಕುಂದ್ರತೀನಿ."

"ಅಲ್ಲಿ ಕುಂತ್ರ ದೋಷ ಹ್ಯಾಂಗ ಹರಿತೈತ್ರಿ? ನಮ್ಮ ಜೋಡಿ ಮ್ಯಾಲ ಬರ್ರಿ."

ಈಶ್ವರ ತನ್ನ ಬೂಟು ಕಳಚಿದ. ಮೂವತ್ತು ಮಂದಿ ಕೈಮುಗಿದು ಬೂಟು ಏರಿಸಿದರು. ಕಾಂಕ್ರೀಟು ಸುರಿಯತೊಡಗಿತು. ಅದು ಸುಡುತ್ತದೆಂದು ತಾನು ಊರಿಗೆಲ್ಲ ಹೇಳಿದ್ದು ನಿಜವೆಂದು ಈಶ್ವರನಿಗೆ ಅಂದೇ ಖಾತ್ರಿಯಾಯಿತು.

ಹನ್ನೊಂದಾದ ಮೇಲೆ ಗಂಗೋತ್ರಿ ಮೇಡಂ ಮೇಲೆ ಬಂದರು. ಬೂಟುಗಳ ಸಾಲು ಕಂಡು ಮುಖ ಅರಳಿತು. ಆಮೇಲೆ ಅವರ ಕಣ್ಣು, ಹಸಿ ಕಾಂಕ್ರೀಟಿನಲ್ಲಿ ಕಾದ ಹಂಚಿನ ಮೇಲೆ ಬಿದ್ದ ಕೋಳಿಯಂತೆ ಕಾಲು ಬದಲಿಸುತ್ತಿದ್ದ ಒಬ್ಬನ ಮೇಲೆ ನಿಂತಿತು.

"ಇವರ್ಯಾರು?"

ಈಶ್ವರ ಬಾಯಿ ತೆರೆಯುವುದರೊಳಗೆ ದ್ಯಾಮಕ್ಕ ಅವನನ್ನು ಕಾಪಾಡಲು ಮುಂದೆ ಬಂದಳು. "ಹೊಸಬರ್ರಿ ಮೇಡಂ. ಬೈಬ್ಯಾಡ್ರಿ, ನಮ್ಮನ್ನ ನೋಡಿ ಕಲ್ತಕೊಂತಾರ."

ಮೇಡಂ ವರದಿ ಬರೆದರು: ಮೂವತ್ತು ಮಂದಿ ನಿಯಮ ಪಾಲಿಸಿದ್ದಾರೆ, ಒಬ್ಬರು ಪಾಲಿಸಿಲ್ಲ.

ಈಶ್ವರನ ನೌಕರಿ ಖಾಯಂ ಆಗಲಿಲ್ಲ.