ಅತ್ತೆ ಬರೆದ ಪಾಲಕರ ಹೇಳಿಕೆ

ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ಬ್ಯಾಡಗಿಯಲ್ಲಿ ಯಾರೂ ಇಲ್ಲ! ಇದನ್ನು ಅಳೆದು ತೂಗಿಯೇ ಹೇಳುತ್ತಿದ್ದೇನೆ. ಅಪ್ಪ, ಅವ್ವ ತೀರಿಕೊಂಡ ಮೇಲೆ, ನಾಲ್ಕನೆಯ ವಯಸ್ಸಿನಿಂದ, ನಾನು ಬೆಳೆದದ್ದೇ ಈ ಸೋದರತ್ತೆಯ ಮೆಣಸಿನಕಾಯಿ ಅಂಗಡಿಯಲ್ಲಿ. ಸೀನು ಬಂದಾಗ ಕಣ್ಣು ಮುಚ್ಚಿರಬಹುದು. ಉಳಿದ ಹೊತ್ತೆಲ್ಲ ನೋಡುತ್ತಲೇ ಇದ್ದೆ.

ಬೇರೆಯವರು ಚೀಲದ ಬಾಯಿ ಬಿಚ್ಚಿ ಮೇಲಿನ ಕೆಂಪು ಕಾಯಿ ತೋರಿಸುತ್ತಾರೆ. ಅತ್ತೆ ಮೊಳಕೈ ಮುಳುಗುವವರೆಗೆ ಕೈ ಇಳಿಸಿ, ತಳದಲ್ಲಿ ಬಿಳಿಚಿಕೊಂಡ ಕಾಯಿಯನ್ನು ಹುಡುಕಿ ತೆಗೆಯುತ್ತಾಳೆ.

“ಇದನ್ನ ಮೊದಲ ನೋಡ್ರಿ. ಇಂಥಾವೂ ಅದಾವು ಒಳಗ.”

“ಖಾರ ಐತೇನವಾ?”

“ಬಣ್ಣ ಐತ್ರಿ. ಖಾರ ಬೇಕಂದ್ರ ಇಲ್ಲ್ಯಾಕ ನಿಂತೀರಿ? ಬಾಜೂ ಅಂಗಡಿಗೆ ಹೋಗ್ರಿ.”

ಗಿರಾಕಿ ಹೋಗುತ್ತಾನೆಯೇ? ಎಲ್ಲಿಯ ಮಾತು! ಎರಡು ಕಿಲೊ ಕೇಳಲು ಬಂದವನು ಐದು ಕಿಲೊ ಕಟ್ಟಿಸಿಕೊಂಡು ಹೋಗುತ್ತಾನೆ. ಬಾಜೂ ಅಂಗಡಿಯವನಿಗೆ ಇದು ಇಂದಿಗೂ ಅರ್ಥವಾಗಿಲ್ಲ.

ಅಂಗಡಿಯ ಮಾತು ಬಿಡಿ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನಾದರೂ ಹೊಗಳಬೇಡವೇ? ಅವನಿಗೆ ಹೆಣ್ಣು ನೋಡಲು ರಾಣೆಬೆನ್ನೂರಿಗೆ ಹೋಗಿದ್ದೆವು. ಅವಲಕ್ಕಿ ತಟ್ಟೆ ಇನ್ನೂ ಕೈಗೆ ಬಂದಿರಲಿಲ್ಲ. ಅತ್ತೆ ಗಂಟಲು ಸರಿಮಾಡಿಕೊಂಡಳು.

“ನಮ್ಮ ಹುಡುಗ ಗೊರಕಿ ಹೊಡೀತಾನ್ರಿ. ಸಿಟ್ಟು ಬಂದ್ರ ಎರಡ ದಿನ ಮಾತಾಡೂದಿಲ್ಲ. ಮೊದಲಿನ ನೌಕರಿ ತಾನ ಬಿಟ್ಟದ್ದಲ್ಲ, ಅವರ ಬಿಡಿಸ್ಯಾರ.”

ಮಗ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಹುಡುಗಿಯ ತಂದೆ ಒಳಗಿನವರಿಗೆ ಕೂಗಿ ಹೇಳಿದರು: “ಸಕ್ಕರಿ ತರ್ರಿ! ಇಷ್ಟ ಹೇಳಿದಾವ್ರು ಇನ್ನೇನ ಮುಚ್ಚಿಡ್ತಾರ?”

ಆ ಸೊಸೆ ಗೊರಕೆಯ ಬಗ್ಗೆ ಮಾತ್ರ ಇವತ್ತಿಗೂ ತಕರಾರು ಎತ್ತುತ್ತಾಳೆ. ಅತ್ತೆಯದು ಒಂದೇ ಉತ್ತರ: “ನಾ ಹೇಳಿದ್ದಿಲ್ಲೇನು?”

ಇಂಥವಳ ಕೈಗೆ ನನ್ನ ಭವಿಷ್ಯ ಸಿಕ್ಕಿತು! ನನಗೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಬೀಜ ವಿಜ್ಞಾನದ ಎಂ.ಎಸ್ಸಿ. ಸೀಟು ದೊರೆತಿತ್ತು. ವಿದ್ಯಾರ್ಥಿವೇತನವೂ ಬಂದಿತ್ತು, ಆದರೆ ಅರ್ಧ ಶುಲ್ಕಕ್ಕೆ ಮಾತ್ರ. ಪದವಿಯ ಮೂರನೆಯ ಸೆಮಿಸ್ಟರಿನಲ್ಲಿ ಅಂಕ ಕಡಿಮೆ ಇದ್ದದ್ದು ಕಾರಣ. ಉಳಿದ ಅರ್ಧವನ್ನೂ ಹಾಸ್ಟೆಲ್ ಖರ್ಚನ್ನೂ ನಾವು ಹೊಂದಿಸಬೇಕು.

“ಅಂಗಡಿ ಮಾರತೇನಿ,” ಎಂದಳು ಅತ್ತೆ.

“ಹಂಗಾರ ನಾ ಹೋಗೂದಿಲ್ಲ,” ಎಂದೆ.

ಉಳಿದ ದಾರಿ ಒಂದೇ. ಹೆಚ್ಚಿನ ನೆರವು ಕೋರಿ ಅರ್ಜಿ ಹಾಕಬಹುದಿತ್ತು. ಅದಕ್ಕೆ ಪಾಲಕರ ಹೇಳಿಕೆ ಲಗತ್ತಿಸಬೇಕು. ಸಮಿತಿಯ ಎದುರು ಪಾಲಕರೂ ಬರಬೇಕು. ಸಿಕ್ಕರೆ ಓದು, ಸಿಗದಿದ್ದರೆ ಸೀಟು ಬಿಡುವುದು.

ಮೂರು ದಿನ ಕೂತು ಅರ್ಜಿ ಬರೆದೆ. ಶಿಸ್ತು, ಸಂಯಮ, ನಾಯಕತ್ವ, ಯಾವುದನ್ನೂ ಬಿಡಲಿಲ್ಲ. ಮೂರನೆಯ ಸೆಮಿಸ್ಟರಿಗೆ ‘ವೈಯಕ್ತಿಕ ಕಾರಣ’ ಎಂದಷ್ಟೇ ಬರೆದೆ. ಅತ್ತೆ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು.

“ಯಾರಬೇ ಈಕಿ? ಒಮ್ಮೆ ಮನಿಗೆ ಕರಕೊಂಡ ಬಾ, ನಾನೂ ನೋಡತೇನಿ!”

ತನ್ನ ಹೇಳಿಕೆಯನ್ನು ತಾನೇ ಬರೆದಳು. ಎರಡು ಮಧ್ಯಾಹ್ನ ಹಿಡಿಯಿತು. ಲಕೋಟೆಗೆ ಅನ್ನದ ಅಗುಳು ಹಚ್ಚಿ ಅಂಟಿಸಿದಳು.

“ಅತ್ತಿ, ಏನ ಬರದೀ? ನನಗೊಮ್ಮೆ ತೋರಸು.”

“ಕೇಳಿದಾವ್ರು ಅವರು. ನೀ ಅಲ್ಲ.”

ಹಾವೇರಿಯಲ್ಲಿ ಬಸ್ಸು ಬದಲಿಸುವಾಗಲೂ ಕೇಳಿದೆ. ಲಕೋಟೆಯನ್ನು ಸೆರಗಿನ ಇನ್ನಷ್ಟು ಒಳಕ್ಕೆ ತಳ್ಳಿದಳು, ಅಷ್ಟೆ.

ಸಮಿತಿಯಲ್ಲಿ ಮೂವರಿದ್ದರು. ನಡುವೆ ಕೂತಿದ್ದ ಮೇಡಂ ಲಕೋಟೆ ಒಡೆದರು. ಮೊದಲ ಸಾಲು ನೋಡುತ್ತಲೇ ಹುಬ್ಬೇರಿಸಿ, ಉಳಿದಿಬ್ಬರಿಗೂ ಕೇಳುವಂತೆ ಓದತೊಡಗಿದರು.

‘ಈ ಹುಡುಗಿಯ ಐಬುಗಳು ಈ ಕೆಳಗಿನಂತೆ ಅದಾವು. ಒಂದು: ಎಂಟರ ತನಕಾ ಏಳೂದಿಲ್ಲ. ಎರಡು: ಅನ್ನಕ್ಕ ನೀರು ಹೆಚ್ಚು ಹಾಕತಾಳ. ಮೂರು: ಸಿಟ್ಟು ಬಂದ್ರ ಬಾಗಿಲಾ ಬಡೀತಾಳ. ನಿಮ್ಮ ಹಾಸ್ಟೆಲ್ಲಿನ ಬಾಗಿಲಾ ಗಟ್ಟಿ ಇರಲಿ.’

ಬಲಗಡೆಯವರು ನಕ್ಕರು. ಎಡಗಡೆಯವರು ಕೆಮ್ಮಿದಂತೆ ಮಾಡಿದರು. ನಾನು ನೆಲ ನೋಡುತ್ತಿದ್ದೆ. ಕಾಲ ಕೆಳಗಿನ ಟೈಲಿನಲ್ಲಿ ಒಂದು ಬಿರುಕಿತ್ತು. ಅದು ಎಲ್ಲಿ ಹುಟ್ಟಿ ಎಲ್ಲಿ ಮುಗಿದಿತ್ತು ಎಂದು ಇವತ್ತೂ ಬರೆದು ತೋರಿಸಬಲ್ಲೆ. ಹತ್ತು ಐಬುಗಳನ್ನು ಹಾಗೆಯೇ ಕೇಳಿಸಿಕೊಂಡೆ. ಒಂದೂ ಸುಳ್ಳಿರಲಿಲ್ಲ!

ಹನ್ನೊಂದಕ್ಕೆ ಬಂದಾಗ ಮೇಡಂ ಓದು ನಿಲ್ಲಿಸಿದರು. ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ನಿಧಾನವಾಗಿ ಓದಿದರು.

‘ಹನ್ನೊಂದು: ಮಾತು ಕೇಳೂದಿಲ್ಲ. ನನ್ನ ಹೊಟ್ಟಿ ಆಪರೇಷನ್ ಆದಾಗ ಪರೀಕ್ಷಾ ಬಿಟ್ಟು ದವಾಖಾನ್ಯಾಗ ಕುಂತಳು. ಹೋಗು ಅಂತ ಬೈದೆ, ಹೋಗಲಿಲ್ಲ. ಮಗ ಬರತಾನ ಅಂದೆ, ಆದರೂ ಹೋಗಲಿಲ್ಲ. ಅಂಕ ಕಮ್ಮಿ ಬಂದದ್ದು ಇದರಿಂದ. ಇದನ್ನ ಆಕಿ ನಿಮಗ ಹೇಳಿರೂದಿಲ್ಲ. ಅದೂ ಒಂದು ಐಬು.’

ಮೇಡಂ ಕಾಗದವನ್ನು ಮೇಜಿನ ಮೇಲಿಟ್ಟರು.

“ಇಷ್ಟೊಂದು ಐಬಿರುವ ಹುಡುಗಿಗೆ ನಾವು ಯಾಕೆ ಹಣ ಕೊಡಬೇಕಮ್ಮ?” ಅವರು ನಗುತ್ತಲೇ ಕೇಳಿದ್ದರು.

ಅತ್ತೆ ಎದ್ದು ನಿಂತಳು. ಒಂದು ಕೈ ಕುರ್ಚಿಯ ಬೆನ್ನ ಮೇಲಿತ್ತು.

“ನೀವು ಕೊಡದಿದ್ರ ಚಲೋ ಆಗತೈತಿ ಅಂತ ದೇವರ ಮುಂದ ಬೇಡಿಕೊಂಡೇನ್ರಿ ಮೇಡಂ. ಎರಡ ಸಲ. ಆಕಿ ಇಲ್ಲದ ಮನ್ಯಾಗ ನನಗ ಇರಾಕ ಆಗೂದಿಲ್ಲ. ಆದ್ರ ಅದು ನನ್ನ ಐಬು ಐತ್ರಿ. ಅದನ್ನ ಆಕಿ ತಲಿ ಮ್ಯಾಲ ಹಾಕಬ್ಯಾಡ್ರಿ. ಕೊಡ್ರಿ.”

ಮೂವರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು. ಮೇಡಂ ನನ್ನ ಅರ್ಜಿಯ ಮೇಲೆ ಎರಡು ಸಾಲು ಬರೆದು ಸಹಿ ಮಾಡಿ, ಉಳಿದಿಬ್ಬರ ಸಹಿಯನ್ನೂ ಹಾಕಿಸಿ, ಕಾಗದವನ್ನು ನಮ್ಮ ಕಡೆ ತಿರುಗಿಸಿದರು. ಅತ್ತೆಯ ಕನ್ನಡಕ ಚೀಲದಲ್ಲಿತ್ತು.

“ಏನ ಬರದಾರಬೇ?”

“ಪೂರಾ ಕೊಟ್ಟಾರ ಅತ್ತಿ. ಹಾಸ್ಟೆಲ್‌ದೂ ಕೊಟ್ಟಾರ.”

“ಚಲೋ ಆತು,” ಎಂದಳು. ಇನ್ನೊಮ್ಮೆ, “ಚಲೋ ಆತಲ್ಲ,” ಎಂದು ನಿಧಾನವಾಗಿ ಕುರ್ಚಿಯಲ್ಲಿ ಕೂತಳು. ಮೇಜಿನ ಕೆಳಗೆ ಅವಳ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತು.

ಬಾಗಿಲ ಬಳಿ ಜವಾನ ಮುಂದಿನವರ ಹೆಸರು ಕೂಗಿದ. ನಾವು ಏಳಬೇಕಿತ್ತು. ಅವನು ಮತ್ತೊಮ್ಮೆ ಕೂಗಿದ. ಅತ್ತೆ ನನ್ನ ಕೈ ಬಿಡಲಿಲ್ಲ.