ಭಾವನ ಸಮುದ್ರಕ್ಕೆ ಎಷ್ಟು ಉಪ್ಪು?

ಗೌರಿಬಿದನೂರಿಗೆ ಸಮುದ್ರ ತಂದವರು ನಮ್ಮ ಭಾವ. ನಗಬೇಡಿ! ಕುಡಿಯುವ ನೀರಿಗೇ ತತ್ವಾರವಿರುವ ಸೀಮೆಯಲ್ಲಿ ಸಮುದ್ರ ಎಲ್ಲಿಂದ ಬಂತು ಎಂದು ತಾನೇ ನಿಮ್ಮ ಪ್ರಶ್ನೆ? ಅವರ ಮನೆಗೆ ಬನ್ನಿ. ನಡುಮನೆಯಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ, ಗಾಜಿನ ತೊಟ್ಟಿಯೊಳಗೆ, ಗುಳುಗುಳು ಎನ್ನುತ್ತಿದೆ. ಎರಡು ಕಿತ್ತಳೆ ಬಣ್ಣದ ಮೀನು, ಒಂದು ಸೋಮಾರಿ ಸೀಗಡಿ, ಕಲ್ಲಿಗೆ ಅಂಟಿಕೊಂಡು ಹಸಿರು ಎಳೆಗಳನ್ನು ಆಡಿಸುವ ಒಂದು ಜೀವಂತ ಹವಳ. ಟಿ.ವಿ. ಪಾಪ, ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಕೂತಿದೆ.

ಭಾವನಿಗೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವ ಕೆಲಸ. ಆ ಕೆಲಸವನ್ನು ಗೇಟಿನಲ್ಲೇ ಬಿಟ್ಟು ಬರುವ ಜಾಯಮಾನ ಅವರದಲ್ಲ. ಅಕ್ಕನನ್ನು ನೋಡಲು ಬಂದ ದಿನವೇ ನಮ್ಮ ಮನೆಯ ಬಾಗಿಲು ಅರ್ಧ ಬೆರಳು ವಾಲಿದೆ ಎಂದು ಅಪ್ಪನಿಗೆ ತೋರಿಸಿಕೊಟ್ಟ ಮಹಾನುಭಾವರು! ಅಪ್ಪ ಹೆದರಿ ಬಡಗಿಯನ್ನು ಕರೆಸಿದ ಮೇಲೆಯೇ ಲಗ್ನ ಗೊತ್ತಾದದ್ದು.

ಈ ಸಮುದ್ರಕ್ಕೂ ಅಕ್ಕನೇ ಕಾರಣ. ಕೆಲವು ವರ್ಷಗಳ ಹಿಂದೆ ಅವಳ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಉಪ್ಪು ಬಿಡಿಸಿದರು. ಉಪ್ಪಿನ ಜೊತೆಗೆ ಅಕ್ಕ ಮಾತನ್ನೂ ಬಿಟ್ಟಳು, ನಗುವನ್ನೂ ಬಿಟ್ಟಳು. ತಟ್ಟೆ ಮುಂದೆ ಕೂತರೆ ಎರಡು ತುತ್ತು, ಅಷ್ಟೇ. ಆಸ್ಪತ್ರೆಯಲ್ಲಿ ಜನ ಕಾಯುವ ಜಾಗದಲ್ಲಿ ಹೀಗೊಂದು ತೊಟ್ಟಿ ಇತ್ತಂತೆ. ಅದರ ಮುಂದೆ ಕೂತಾಗ ಮಾತ್ರ, “ಅಲ್ನೋಡ್ರೀ, ಆ ಹವಳ ಹೆಂಗೆ ಕೈ ಆಡಿಸ್ತಾ ಐತೆ!” ಎಂದು ಬಾಯಿ ಬಿಟ್ಟಳಂತೆ. ಭಾವನಿಗೆ ಅಷ್ಟು ಸಾಕಾಯಿತು. ತಿಂಗಳು ಕಳೆಯುವಷ್ಟರಲ್ಲಿ ಟಿ.ವಿ. ಅಡುಗೆಮನೆ ಸೇರಿತು.

ಅಂದಿನಿಂದ ಅಕ್ಕನ ಬೆಳಗು ಶುರುವಾಗುವುದು ಆ ಹವಳದ ಮುಂದೆ. ಅದು ಅರಳಿದ ದಿನ ಅವಳೂ ಎರಡು ತುತ್ತು ಹೆಚ್ಚು ತಿನ್ನುತ್ತಾಳೆ. ಹಾಗಾಗಿ ಹವಳ ಅರಳಲೇಬೇಕು, ಅರಳಬೇಕೆಂದರೆ ನೀರು ಸರಿಯಿರಬೇಕು. ಇಲ್ಲಿಂದ ಶುರು ನಮ್ಮೆಲ್ಲರ ಗ್ರಹಚಾರ!

ನಮ್ಮ ಬೋರಿನ ನೀರು ಪಾತ್ರೆಯ ತಳದಲ್ಲಿ ಸುಣ್ಣ ಬಳಿಯುವಂಥದ್ದು. ಆದ್ದರಿಂದ ಭಾವ ಶುದ್ಧ ನೀರಿನ ಘಟಕದಿಂದ ಕ್ಯಾನುಗಟ್ಟಲೆ ನೀರು ತಂದು, ಅದನ್ನು ಮನೆಯಲ್ಲಿ ಮತ್ತೊಮ್ಮೆ ಸೋಸಿ, ಆಮೇಲೆ ಅದಕ್ಕೆ ಬಕೆಟ್ಟಿನಿಂದ ಉಪ್ಪು ಸುರಿಯುತ್ತಾರೆ. ಇದನ್ನು ಕಣ್ಣಾರೆ ಕಂಡ ಎದುರುಮನೆಯ ಅಜ್ಜಿ ಅಕ್ಕನನ್ನು ಪಕ್ಕಕ್ಕೆ ಕರೆದು, “ಈಯನಕಿ ಏಮನ್ನಾ ಪಿಚ್ಚಿ ಪಟ್ಟಿಂದಾ ಅಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು. ಹುಚ್ಚು ಹಿಡಿದಿದೆಯೇ ಎಂದಲ್ಲದೆ ಬೇರೇನು ಕೇಳಬೇಕು ಪಾಪ, ಜನ ಸಿಹಿನೀರಿಗೆ ಸಾಲು ನಿಲ್ಲುವ ಊರಿನಲ್ಲಿ!

ಉಪ್ಪು ಆರಿಸಲು ಒಮ್ಮೆ ನನ್ನನ್ನೂ ಬೆಂಗಳೂರಿಗೆ ಎಳೆದೊಯ್ದರು. ಅಂಗಡಿಯಲ್ಲಿ ಬಕೆಟ್ಟುಗಳ ಸಾಲು. ಒಂದೊಂದರ ಬೆನ್ನಿನ ಮೇಲಿನ ಬರಹವನ್ನೂ ಭಾವ ಜಾತಕ ನೋಡಿದಂತೆ ನೋಡಿದರು. ನನಗೆ ಹಸಿವು.

“ಭಾವ, ಕಲ್ಲುಪ್ಪು ನಮ್ಮ ಸಂತೇಲೇ ಸಿಗುತ್ತಲ್ಲ. ಅದೂ ಸಮುದ್ರದಿಂದ್ಲೇ ಬಂದಿದ್ದು!”

“ಅದ್ರಲ್ಲಿ ಬರೀ ಉಪ್ಪಿರುತ್ತೆ ಕಣೋ. ಹವಳ ತನ್ನ ಮೂಳೆ ತಾನೇ ಕಟ್ಕೋಬೇಕು. ಕ್ಯಾಲ್ಸಿಯಂ ಬೇಕು, ಮೆಗ್ನೀಸಿಯಂ ಬೇಕು, ಕ್ಷಾರ ಹದವಾಗಿರಬೇಕು. ಕಮ್ಮಿಯಾದ್ರೆ ಸೊರಗುತ್ತೆ, ಒಂದೇ ಸಲ ಜಾಸ್ತಿಯಾದ್ರೆ ಸುಟ್ಟೋಗುತ್ತೆ.”

“ನಂಗೂ ಮಂಡಿ ನೋವು ಭಾವ. ಅದ್ರಲ್ಲೇ ಒಂದು ಚಮಚ ಕೊಡಿಸಿ.”

ಅವರು ನಗಲಿಲ್ಲ. ಗುಣಮಟ್ಟ ಕಡಿಮೆಯಿತ್ತೋ ಏನೋ!

ಉಪ್ಪು ಬೆರೆಸಿದ ನೀರು ಡ್ರಮ್ಮಿನಲ್ಲಿ ಇಡೀ ದಿನ ತಿರುಗಬೇಕು. ಆಮೇಲೆ ಪರೀಕ್ಷೆ. ಸಣ್ಣ ದುರ್ಬೀನಿನಂಥ ಉಪಕರಣದ ಗಾಜಿಗೆ ಒಂದು ಹನಿ ಬಿಟ್ಟು, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಎದುರುಮನೆಯವರು ಬಟ್ಟೆ ಒಣಹಾಕುವ ಜಾಗವನ್ನೇ ಬದಲಾಯಿಸಿಬಿಟ್ಟರು! “ಇದೆಲ್ಲ ಯಾಕೆ ಭಾವ, ನಾಲಿಗೆಗೆ ಒಂದು ಹನಿ ಬಿಟ್ಕೊಂಡು ನೋಡಬಾರ್ದಾ?” ಎಂದೆ. “ನನ್ನ ನಾಲಿಗೆ ನಂಬೋ ಹಂಗಿಲ್ಲ ಕಣೋ” ಎಂದು ಎದ್ದುಹೋದರು.

ಮದುವೆಮನೆಗಳಲ್ಲೂ ಈ ಮನುಷ್ಯನದು ಒಂದು ವಿಚಿತ್ರ. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಬೆರಳಲ್ಲಿ ಆಚೆ ಸರಿಸಿ, ಬರೀ ಅನ್ನಕ್ಕೆ ಮೊಸರು ಕಲಸಿ, ಹಣ್ಣು ತಿಂದು ಎದ್ದುಬಿಡುತ್ತಾರೆ. ಅಡುಗೆ ಉಪ್ಪು ಹವಳದ ದರ್ಜೆಗೆ ಬರುವುದಿಲ್ಲವೆಂದು ಈ ತಿರಸ್ಕಾರ ಎಂದು ನಾನು ಊರಿಗೆಲ್ಲ ಹೇಳಿ ನಗಿಸುತ್ತಿದ್ದೆ.

ಹೀಗಿರುವಾಗ ಬಳಸುತ್ತಿದ್ದ ಉಪ್ಪು ಅಂಗಡಿಗೆ ಬರುವುದೇ ನಿಂತಿತು. ಬದಲಿಗೆ ತಂದ ಹೊಸದರಲ್ಲಿ ಕ್ಷಾರ ಜಾಸ್ತಿ. ಉಳಿದ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಹವಳಕ್ಕೆ ರೂಢಿ ಮಾಡಿಸುವುದೆಂದು ಭಾವ ಲೆಕ್ಕ ಹಾಕಿದರು. ಆ ಹೊತ್ತಿಗೆ ಸರಿಯಾಗಿ ನಗರಗೆರೆಯಿಂದ ನಮ್ಮ ಅಮ್ಮ ಮಗಳ ಮನೆಗೆ ಬಂದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಭಾವ ಅಕ್ಕನಿಗೆ, “ತೊಟ್ಟೀಲಿ ಉಪ್ಪು ಒಂಚೂರು ಏರಿದೆ, ಸಂಜೆ ಬಂದು ನೋಡ್ತೀನಿ” ಎಂದದ್ದು ಅಮ್ಮನ ಕಿವಿಗೆ ಬಿತ್ತು. ಅಳಿಯನಿಗೆ ಸಹಾಯ ಮಾಡದೆ ಇರುವ ಹೆಂಗಸೇ ಅವಳು?

ಸಂಜೆ ಭಾವ ಬಂದು ನೋಡಿದರೆ ಸಮುದ್ರ ಅಂಬಲಿಯಾಗಿತ್ತು!

“ಉಪ್ಪು ಜಾಸ್ತಿ ಅಂತ ನೀವೇ ಅಂದ್ರಲ್ಲಪ್ಪ. ಸಾರಿಗೆ ಹಾಕ್ತೀವಲ್ಲ ಹಂಗೆ ರಾಗಿಹಿಟ್ಟಿನ ಉಂಡೆ ಬಿಟ್ಟೆ. ಎಂಥಾ ಉಪ್ಪಾದ್ರೂ ಎಳ್ಕೊಂಬಿಡ್ತದೆ” ಎಂದಳು ಅಮ್ಮ.

ಭಾವ ಗೋಡೆ ಹಿಡಿದುಕೊಂಡರು. “ಅತ್ತೆ, ಎಷ್ಟು ದಪ್ಪದ ಉಂಡೆ?”

“ಎರಡು ಬಿಟ್ಟೆ ಕಣಪ್ಪ. ತೊಟ್ಟಿ ದೊಡ್ಡದಲ್ವಾ!”

ಮೀನುಗಳು ಉಂಡೆಯನ್ನು ಮೂಸಿ ದೂರ ಹೋದವು. ಪರಸ್ಥಳದವು, ರಾಗಿ ರೂಢಿಯಿಲ್ಲ. ಹವಳ ಮಾತ್ರ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಮುಷ್ಟಿ ಬಿಗಿದಂತೆ ಮುಚ್ಚಿಕೊಂಡಿತು. ಮರುದಿನವೂ ಬಿಚ್ಚಲಿಲ್ಲ. ಅಕ್ಕ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಅಮ್ಮ ದೇವರ ಮುಂದೆ ಕೂತು ಅತ್ತಳು.

ಭಾವ ಯಾರನ್ನೂ ಬಯ್ಯಲಿಲ್ಲ. ರಜೆ ಹಾಕಿದರು. ನೀರು ಬದಲಾಯಿಸಲೇಬೇಕು, ಹಳೆಯ ಉಪ್ಪು ಸಾಲದು. ಇದ್ದುದನ್ನೆಲ್ಲ ಕೆರೆದು ತೆಗೆದು, ಹೊಸದರ ಜೊತೆ ಬೆರೆಸಿ, ಅಳೆದು, ಸಪ್ಪೆ ನೀರು ಸೇರಿಸಿ, ಮತ್ತೆ ಅಳೆದರು. ಒಂದೇ ಸಲ ಸುರಿಯದೆ ದಿನಕ್ಕಿಷ್ಟು ಎಂದು ಬದಲಾಯಿಸುತ್ತಾ ಹೋದರು. ನಾನೂ ಚಿಕ್ಕಬಳ್ಳಾಪುರದಿಂದ ಹೋಗಿ ಕ್ಯಾನು ಹೊತ್ತೆ. ತಮಾಷೆ ಮಾಡಲು ಬಾಯಿ ಬರಲಿಲ್ಲ.

ಆಮೇಲೊಂದು ಬೆಳಿಗ್ಗೆ ನಡುಮನೆಯಿಂದ ಅಕ್ಕನ ಕೂಗು: “ಅಮ್ಮಾ, ಬಾರೇ ಇಲ್ಲಿ! ಒಂದು ಬೆರಳು ಬಿಟ್ಟೈತೆ!”

ನೋಡಿದರೆ ಹೌದು, ಒಂದು ಹಸಿರು ಎಳೆ. ಮಧ್ಯಾಹ್ನದ ಹೊತ್ತಿಗೆ ಇನ್ನೂ ನಾಲ್ಕಾರು. ಅಮ್ಮನ ಸಂಭ್ರಮ ಕೇಳಬೇಕೇ? ಹಿದುಕಿದ ಬೇಳೆ ಸಾರು ಮಾಡಿದಳು. ಅಕ್ಕನಿಗೆ ಉಪ್ಪಿಲ್ಲದ್ದು ಒಂದು ಪಾತ್ರೆ, ಅಳಿಯನಿಗೆ ಖಾರ ಉಪ್ಪು ಹದವಾಗಿ ಹಾಕಿದ್ದು ಇನ್ನೊಂದು. ಬಡಿಸಲು ಹೋದರೆ ಭಾವ ತಟ್ಟೆಗೆ ಕೈ ಅಡ್ಡ ಹಿಡಿದರು.

“ಅತ್ತೆ, ನಂಗೂ ಅವಳ ಪಾತ್ರೇದೇ ಹಾಕಿ.”

“ಅಯ್ಯೋ, ನಿಮಗೇನಪ್ಪ ಬಂದಿರೋದು?”

“ಏನಿಲ್ಲ ಅತ್ತೆ. ಅವಳು ಬಿಟ್ಟಾಗ ನಾನೂ ಬಿಟ್ಟೆ. ಒಬ್ಳೇ ಹೆಂಗೆ ಸಪ್ಪೆ ತಿಂತಾಳೆ?” ಎಂದು, ಮಾಲಿನ ತೂಕ ಹೇಳುವ ಧ್ವನಿಯಲ್ಲೇ ಹೇಳಿ, ಅನ್ನ ಕಲಸಿಕೊಂಡರು. ಅಕ್ಕ ತಲೆಯೆತ್ತಲಿಲ್ಲ. ತಿನ್ನುತ್ತಿದ್ದಳು.

ನಾಲಿಗೆ ನಂಬುವ ಹಾಗಿಲ್ಲ ಎಂದಿದ್ದರಲ್ಲ! ವರ್ಷಗಳಿಂದ ಉಪ್ಪು ಮುಟ್ಟದ ನಾಲಿಗೆ ಏನೆಂದು ಹೇಳೀತು? ಅಮ್ಮ ಹದವಾದ ಸಾರಿನ ಪಾತ್ರೆ ಹಿಡಿದು ನನ್ನ ಮುಂದೆ ಬಂದಳು. ನಾನೂ ತಟ್ಟೆಗೆ ಕೈ ಅಡ್ಡ ಹಿಡಿದೆ.

ಸತ್ಯ ಹೇಳುತ್ತೇನೆ, ಆ ಸಪ್ಪೆ ಸಾರು ಬಾಯಿಗಿಡಲು ಆಗುವಂತಿರಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡೆ.