ಸಿಸ್ಟಮ್‌ನಲ್ಲಿ ಒಬ್ಬಳೇ ಇರುವ ಅಕ್ಕತಂಗಿಯರು

ವಿಜ್ಞಾನ ಮತ್ತು ತಂತ್ರಜ್ಞಾನ ವಿದ್ಯಾರ್ಥಿಗಳ ಸರ್ಕಾರಿ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಕುಳಿತು, ಹಗಲಿರುಳೆನ್ನದೆ ಅರ್ಜಿದಾರರ ಮುಖ ನೋಡಿಯೂ ಬೇಸರಗೊಳ್ಳದ ಮುಖಪರೀಕ್ಷಕ ಯಂತ್ರದ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕರೆಂಟು ಹೋಗದೆ, ಫ್ಯಾನು ನಿಲ್ಲದೆ ತಾವು ತಂಪಾಗಿದ್ದೀರೆಂದು ನಂಬಿ, ಇತ್ತ ನಾವಿಬ್ಬರೂ, ಕ್ಷಮಿಸಿ, ನಾನೊಬ್ಬಳೇ ಇಬ್ಬರೂ ಕ್ಷೇಮವೆಂದು ವಿನಯದಿಂದ ತಿಳಿಸುತ್ತೇನೆ.

ನಾನು ಭೌತಶಾಸ್ತ್ರ ಓದುವವಳು, ನನ್ನ ಅವಳಿ ತಂಗಿ ರಸಾಯನಶಾಸ್ತ್ರ ಓದುವವಳು. ಇಬ್ಬರೂ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ದಿನ, ಲಿಫ್ಟ್ ರಿಪೇರಿ ಮಾಡುವ ನಮ್ಮ ಅಪ್ಪ ಕೆಲಸಕ್ಕೆ ಹೋಗಿದ್ದ ಕಟ್ಟಡದ ಲಿಫ್ಟನ್ನು ಬರೀ ಖುಷಿಗೆ ಮೇಲೆ ಕೆಳಗೆ ಓಡಿಸಿ ಬೈಸಿಕೊಂಡು ಬಂದರು. ಆಮೇಲೆ ತಾವು ನಮ್ಮ ಫೋಟೋ ನೋಡಿದಿರಿ. ಅದೇ ಮುಖ, ಅದೇ ಅಪ್ಪ, ಅದೇ ಜನ್ಮದಿನ. ಆದ್ದರಿಂದ ಒಬ್ಬಳೇ ಎರಡು ಅರ್ಜಿ ಹಾಕಿ ಸರ್ಕಾರದ ಕಣ್ಣಿಗೆ ಮಣ್ಣೆರಚುತ್ತಿದ್ದಾಳೆಂದು ತೀರ್ಮಾನಿಸಿ ಎರಡನ್ನೂ ತಡೆಹಿಡಿದಿರಿ. "ಒಂಬತ್ತು ತಿಂಗಳು ಹೊತ್ತೋಳು ನಾನು, ಎಣಿಸೋದು ಆ ಡಬ್ಬಾನಾ?" ಎಂದು ಅಮ್ಮ ಗೊಣಗಿದ್ದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು, ನನಗೆ ಕೊಡಬೇಕಾದ ಬೈಗುಳವನ್ನು ಇಂದಿಗೂ ತಂಗಿಗೆ ಕೊಡುವ ಹೆಂಗಸು ಅವರು.

ಕಚೇರಿಗೂ ಹೋಗಿ ಬಂದೆವು. ಗುಮಾಸ್ತರು ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಸಾವಧಾನವಾಗಿ ನೋಡಿ, "ಕಣ್ಣಿಗೇನೋ ಇಬ್ರು ಕಾಣ್ತೀರಮ್ಮ, ಸಿಸ್ಟಮ್‌ನಲ್ಲಿ ಒಬ್ರೇ ಇದ್ದೀರಿ" ಎಂದು ಬಹಳ ಮರುಕದಿಂದ ಹೇಳಿದರು. ಕಂಪ್ಯೂಟರ್ ಅಂಗಡಿಯ ಅಣ್ಣನ ಸಲಹೆಯಂತೆ ತಂಗಿ, ಅಮ್ಮ ಸೂಜಿಗೆ ದಾರ ಪೋಣಿಸುವಾಗ ಹಾಕುವ ಕನ್ನಡಕ ಏರಿಸಿ ಹೊಸ ಫೋಟೋ ಕಳಿಸಿದಳು. ತಾವು ಕ್ಷಣದಲ್ಲೇ ಅದು ಕನ್ನಡಕ ಹಾಕಿದ ನಾನೇ ಎಂದು ಕಂಡುಹಿಡಿದು, ನನ್ನ ಕಣ್ಣಿನ ವೈದ್ಯಕೀಯ ಪ್ರಮಾಣಪತ್ರವನ್ನೂ ಕೇಳಿದಿರಿ.

ಒಬ್ಬಳೇ ಹುಡುಗಿ ಒಂದೇ ಹೊತ್ತಿಗೆ ಎರಡು ಕಟ್ಟಡಗಳ ಎರಡು ಲ್ಯಾಬ್‌ಗಳಲ್ಲಿ ಇರಬಲ್ಲಳೆಂದು ತೋರಿಸಿಕೊಟ್ಟ ತಮ್ಮೆದುರು ನಮ್ಮ ಪ್ರೊಫೆಸರರು ಯಾವ ಲೆಕ್ಕ? ಆದ್ದರಿಂದ ಇನ್ನು ಮುಂದೆ ನಾನು ಮಾತ್ರೆ ನುಂಗಿದರೆ ಅವಳ ಹಲ್ಲುನೋವು ವಾಸಿಯಾಗುವಂತೆ, ಒಂದೇ ಬಸ್ ಪಾಸಿನಲ್ಲಿ ಇಬ್ಬರೂ ಕೂರುವಂತೆ, ಅವಳು ಬರೆದ ಪರೀಕ್ಷೆಯಲ್ಲಿ ನಾನು ಪಾಸಾಗುವಂತೆ ಆದೇಶ ಹೊರಡಿಸಬೇಕು. ಇದಾಗದಿದ್ದರೆ, ಹೆರಿಗೆಯನ್ನು ಎರಡು ಬೇರೆ ಬೇರೆ ತಾರೀಕುಗಳಿಗೆ ಹಂಚಿ ಹೊಸದಾಗಿ ಮಾಡಿಕೊಡುವಂತೆ ನಮ್ಮ ಅಮ್ಮನಿಗೊಂದು ನೋಟಿಸು ಕೊಡಬೇಕು.

ಕೊನೆಗೆ ತಾವೇ ದಯಮಾಡಿ, ಒಂದು ಅರ್ಜಿ ಹಿಂತೆಗೆದುಕೊಂಡರೆ ಇನ್ನೊಂದು ತಾನಾಗಿ ಮಂಜೂರಾಗುತ್ತದೆಂದು ಸಂದೇಶ ಕಳಿಸಿದಿರಿ. ತಂಗಿ ತಲೆಸ್ನಾನಕ್ಕೆ ಹೋದ ಹೊತ್ತು ನೋಡಿ ನಾನು ನನ್ನದನ್ನು ಹಿಂತೆಗೆದುಕೊಂಡೆ. ಏನೂ ಆಗದವಳಂತೆ ಹಾಲು ತರಲು ಹೋದೆ. ತಿರುಗಿ ಬರುವಷ್ಟರಲ್ಲಿ, ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಅವಳು ತನ್ನದನ್ನು ಹಿಂತೆಗೆದುಕೊಂಡು, ಏನೂ ಆಗದವಳಂತೆ ಒಲೆ ಹಚ್ಚುತ್ತಿದ್ದಳು. ವಿಷಯ ಹೊರಬಿದ್ದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಅತ್ತಳು, ನಾನೂ ಅತ್ತೆ. ತಾವು ಮಾತ್ರ, ಈಗ ಯಾವ ಗೊಂದಲವೂ ಉಳಿದಿಲ್ಲವೆಂದು ಅಭಿನಂದನೆ ಕಳಿಸಿದಿರಿ.

ಈ ತಿಂಗಳು ಮುಗಿಯುವುದರೊಳಗೆ ಶುಲ್ಕ ಕಟ್ಟದಿದ್ದರೆ ಇಬ್ಬರ ಸೀಟೂ ಹೋಗುತ್ತದೆ. ಎರಡೂ ಅರ್ಜಿಗಳಿಗೆ ಮರುಜೀವ ಕೊಡಿ. ಒಂದಕ್ಕೆ ಮಾತ್ರ ಸಾಧ್ಯವೆನ್ನುವುದಾದರೆ ಅವಳದ್ದಕ್ಕೆ ಕೊಡಿ; ಅವಳು ನನಗಿಂತ ಚೆನ್ನಾಗಿ ಓದುತ್ತಾಳೆ, ಇದನ್ನು ಅವಳೆದುರು ನಾನು ಎಂದೂ ಒಪ್ಪಿಲ್ಲ.

ತಮ್ಮ ವಿಶ್ವಾಸಿ,
ಅವಳಿಗಳಲ್ಲಿ ಮೊದಲು ಹುಟ್ಟಿದವಳು

ತಾ.ಕ.: ಮೇಜಿನ ಆ ತುದಿಯಲ್ಲಿ ಕುಳಿತು ತಂಗಿಯೂ, ನನಗೆ ಕಾಣದಂತೆ ಕೈ ಅಡ್ಡ ಹಿಡಿದು, ತಮಗೊಂದು ಪತ್ರ ಬರೆಯುತ್ತಿದ್ದಾಳೆ. ಕೊನೆಯಲ್ಲಿ ಅವಳು ಯಾರ ಹೆಸರು ಹೇಳುತ್ತಾಳೆಂದು ನನಗೆ ಗೊತ್ತು. ಎರಡೂ ಪತ್ರಗಳು ಒಂದೇ ಥರ ಇವೆಯೆಂದು ದಯವಿಟ್ಟು ಎರಡನ್ನೂ ತಿರಸ್ಕರಿಸಬೇಡಿ.